ಗೃಹಕೃತ್ಯ: ಗಾಜಿಗೆ ತಕ್ಕ ಬೈರಿಗೆ

ಕನ್ನಡಿಗೆ ತಿರುಪುಮೊಳೆ ಹಾಕಲೆಂದು ಸಾಧಾರಣ ಉಕ್ಕಿನ ಬೈರಿಗೆಯನ್ನೊತ್ತಿ ಕನ್ನಡಿಯನ್ನೇ ಕಳೆದುಕೊಂಡ ಮನೆಗಳು ಅನೇಕ, ನಮ್ಮದೂ ಅವುಗಳಲ್ಲೊಂದು. ಗದಗದ ಸರಸ್ವತಿ ಗುಡಿಯ ಕುಸುರಿಗಂಬಗಳ ಕಲ್ಲು ಮೆದುವಾದುದು, ಉಳಿಗೆ ಮಣಿಯಿತು. ಗಾಜು ಮಣಿಯದು, ಸೀಳುವುದು.

ನಾಲ್ಕಾರು ಸಣ್ಣ ರಂಧ್ರಗಳಷ್ಟೇ ಬೇಕಾದ ಗೃಹಸ್ಥರು ಈಟಿಯಾಕಾರದ ಟಂಗ್‌ಸ್ಟನ್ ಕಾರ್ಬೈಡ್ ಮೊನೆಯನ್ನು ಕೊಳ್ಳಲಿ, ಬೆಲೆ ಮಿತವಾದುದು. ರಂಧ್ರ ದೊಡ್ಡದಾದರೆ ವಜ್ರದ ಪುಡಿ ಲೇಪಿಸಿದ ಟೊಳ್ಳುಮೊನೆಯೇ ಲೇಸು. ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ, ಅಂಗಡಿಯಲ್ಲಿ “ಗಾಜಿನ ಬಿಟ್” ಎಂದೇ ಕೇಳಬೇಕು. ಗೋಡೆಯ ಬಿಟ್ಟಿಗೂ ಕಾರ್ಬೈಡ್ ತುದಿಯುಂಟು. ಆದರೆ ಅದು ಮೊಂಡು.

ಮೊನೆಯ ಬಾಳಿಕೆಯು ಬೆಲೆಗಿಂತ ತಾಳ್ಮೆಯನ್ನು ಅವಲಂಬಿಸಿದೆ. ಗಾಜಿನ ಕೆಳಗೆ ಸಮನಾದ ಹಲಗೆಯಿರಲಿ. ಯಂತ್ರವು ಮೆಲ್ಲನೆ ತಿರುಗಲಿ. ಕುಟ್ಟುವ ಗುಂಡಿ ಬಂದಾಗಿರಲಿ. ಮೊನೆ ಕಾಯದಂತೆ ನೀರು ಹನಿಸುತ್ತಿರಬೇಕು. ಆದುದರಿಂದ ತಂತಿಯ ಯಂತ್ರಕ್ಕಿಂತ ಬ್ಯಾಟರಿಯದು ಕ್ಷೇಮ. ಕಣ್ಣಿಗೆ ರಕ್ಷಾಕನ್ನಡಕ ತಪ್ಪದು, ಮಕ್ಕಳು ದೂರವಿರಲಿ.

ಕಾಯಿಸಿ ಗಟ್ಟಿಗೊಳಿಸಿದ “ಟಫನ್ಡ್” ಗಾಜಿಗೆ ಮಾತ್ರ ಯಾವ ಮೊನೆಯನ್ನೂ ತಾಗಿಸಬೇಡಿರಿ. ಅದು ಒಮ್ಮೆಲೇ ನುಚ್ಚುನೂರಾಗುವುದು. ಅದರ ರಂಧ್ರಗಳನ್ನು ಕಾಯಿಸುವ ಮೊದಲೇ ಕಾರ್ಖಾನೆಯಲ್ಲಿ ಕೊರೆಯಿಸಬೇಕು. ಕೊಳ್ಳುವಾಗಲೇ ಅಳತೆ ಕೊಟ್ಟ ಮನೆಯವರಿಗೆ ಹಣವೂ ಉಳಿಯುವುದು, ಕಣ್ಣೂ ಉಳಿಯುವುದು.