ಮಗ್ರಿಬ್‌ಗೆ ಕಾಯದ ಕಾಯಿಲೆ

ರಮಝಾನ್ ಬಂತೆಂದರೆ ಶಿವಮೊಗ್ಗ, ಭದ್ರಾವತಿಗಳ ನಮ್ಮ ಮೊಹಲ್ಲಾಗಳಲ್ಲಿ ಒಂದು ಹೊಗಳಿಕೆ ಕೇಳಿಬರುತ್ತದೆ: ‘ಸಕ್ಕರೆ ಕಾಯಿಲೆಯಿದ್ದರೂ ಒಂದೂ ಉಪವಾಸ ಬಿಟ್ಟವರಲ್ಲ, ತಲೆ ಸುತ್ತಿ ಕುಸಿದರೂ ಹನಿ ನೀರು ಮುಟ್ಟಲಿಲ್ಲ.’ ಇದನ್ನು ಧರ್ಮನಿಷ್ಠೆಯೆಂದು ಬಣ್ಣಿಸುವವರು ರೋಗಿಗೂ ಧರ್ಮಕ್ಕೂ ಅನ್ಯಾಯವೆಸಗುತ್ತಿದ್ದಾರೆ.

ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ಸೇವಿಸುವ ಉಪವಾಸಿಗರಿಗೆ ಅಸರ್‌ನ ಬಳಿಕದ ಹೊತ್ತು ಅಪಾಯದ್ದು. ಮೊದಲು ಬೆವರು, ನಡುಕ, ಎದೆಬಡಿತ. ಅನಂತರ ಮಾತು ತೊದಲುತ್ತದೆ, ವಿವೇಚನೆ ಮಂಕಾಗುತ್ತದೆ. ಮಿದುಳಿನ ಮುಖ್ಯ ಇಂಧನವೇ ಗ್ಲೂಕೋಸ್ ತಾನೇ? ಹಾಗಿರುವಾಗ, ‘ಬೇಡ, ಬಾಂಗಿಗೆ ಇನ್ನರ್ಧ ಗಂಟೆಯಿದೆ’ ಎಂದು ರೋಗಿಯು ಹಠ ಹಿಡಿದರೆ ಅದು ತಖ್ವಾದ ಮಾತೋ, ಬರಿದಾದ ಮಿದುಳಿನ ಮಾತೋ? ಆ ಮಾತನ್ನೇ ಪ್ರಮಾಣವಾಗಿಸಿಕೊಂಡು ಕೈಕಟ್ಟಿ ಕೂರುವ ಮನೆಮಂದಿಯನ್ನು ಏನೆನ್ನಬೇಕು?

ಮಾಡಬೇಕಾದುದು ಬಲು ಸರಳ. ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚದಷ್ಟು ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದ ಬಳಿಕ ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೆ ಅಷ್ಟೇ ಪ್ರಮಾಣ, ಆಮೇಲೆ ಆಹಾರ. ಪರೀಕ್ಷಿಸುವ ಯಂತ್ರ ಇಲ್ಲದಿದ್ದರೆ ಲಕ್ಷಣ ನೋಡಿಯೇ ಕೊಡಬೇಕು. ಗ್ಲೂಕೋಸ್ ಸಿಗದಿದ್ದರೆ ಸಕ್ಕರೆ ನೀರು. ಭೇದಿಗೆ ಕೊಡುವ ಓಆರ್‌ಎಸ್ ಇದಕ್ಕೆ ಬದಲಿಯಲ್ಲ. ಅದರ ಒಂದು ಲೀಟರಿನಲ್ಲಿರುವುದೇ 13.5 ಗ್ರಾಂ ಗ್ಲೂಕೋಸ್. ಆದರೆ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಕೂಡದು, ಅದು ಶ್ವಾಸಕೋಶಕ್ಕೆ ಇಳಿದೀತು. ಅವರನ್ನು ಕೂಡಲೇ ಮೆಗ್ಗಾನ್ ಆಸ್ಪತ್ರೆಗೋ ಭದ್ರಾವತಿಯ ತಾಲೂಕು ಆಸ್ಪತ್ರೆಗೋ ಸಾಗಿಸಬೇಕು. ಮಾತ್ರೆಯ ಪ್ರಭಾವದಿಂದ ಸಕ್ಕರೆ ಮತ್ತೆ ಕುಸಿಯುವುದೂ ಉಂಟು. ಚೇತರಿಸಿಕೊಂಡರೆಂದು ಒಂಟಿಯಾಗಿ ಬಿಡುವುದು ತರವಲ್ಲ.

ಇನ್ನು ಧರ್ಮದ ಮಾತು. ರೋಗಿಗಳು ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಬಹುದೆಂಬ ರಿಯಾಯಿತಿಯು ಪವಿತ್ರ ಕುರ್‌ಆನ್‌ನ ಅಲ್‌ಬಕರ ಅಧ್ಯಾಯದಲ್ಲಿ, ಉಪವಾಸದ ಆದೇಶದ ಜೊತೆಯಲ್ಲೇ ಇದೆ. ಅಲ್ಲಾಹನು ನೀಡಿದ ರಿಯಾಯಿತಿಯನ್ನು ನಾಚಿಕೆಯ ವಿಷಯವಾಗಿಸಲು ನಾವು ಯಾರು? ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ರಮಝಾನ್ ಮಾರ್ಗಸೂಚಿಯೂ 70ಕ್ಕಿಂತ ಇಳಿದರೆ ಉಪವಾಸ ತೊರೆಯಬೇಕೆನ್ನುತ್ತದೆ. ಬೆರಳು ಚುಚ್ಚಿ ರಕ್ತ ಪರೀಕ್ಷಿಸುವುದರಿಂದ ಉಪವಾಸ ಮುರಿಯದೆಂದೂ ಹೇಳುತ್ತದೆ.

ಉಗುಳು ನುಂಗಿದರೆ ಉಪವಾಸ ಮುರಿಯುವುದೇ ಎಂದು ಗಂಟೆಗಟ್ಟಲೆ ಚರ್ಚಿಸುವವರಿಗೆ ಈ ವಿಷಯದಲ್ಲಿ ಮಾತೇ ಹೊರಡುವುದಿಲ್ಲ. ಪಕ್ಷಗಳ ನಾಯಕರಿಗೆ ಇಫ್ತಾರ್ ಕೂಟ ಏರ್ಪಡಿಸಲು ಚಂದಾ ಎತ್ತುವ ಕಮಿಟಿಗಳಿಗೆ ಒಂದು ಪೊಟ್ಟಣ ಗ್ಲೂಕೋಸ್ ಭಾರವಾದೀತೇ? ಶಾಬಾನ್ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಇದನ್ನು ಹೇಳಲಿ. ಔಷಧದ ಪ್ರಮಾಣ ಬದಲಿಸಲು ವೈದ್ಯರನ್ನು ಕಾಣುವ ಹೊತ್ತೂ ಅದೇ. ಪ್ರತಿ ಮಸೀದಿಯ ಕಪಾಟಿನಲ್ಲೂ ಗ್ಲೂಕೋಸ್ ಡಬ್ಬಿಯೊಂದಿರಲಿ, ಅದರ ಕೀಲಿಕೈ ಎಲ್ಲಿದೆಯೆಂದು ಎಲ್ಲರಿಗೂ ತಿಳಿದಿರಲಿ.