ರುಚಿಯ ಹಿಂದಿನ ಲೆಕ್ಕ
ಏಲ್ ಮತ್ತು ಲಾಗರ್ ಎಂಬ ಎರಡು ಬಿಯರ್ ಪದ್ಧತಿಗಳು ಜರ್ಮನಿಯ ಕೊಲೋನ್ ನಗರದ ‘ಕೋಲ್ಶ್’ನಲ್ಲಿ ಒಂದಾಗಿವೆ. ಏಲ್‌ನ ಯೀಸ್ಟ್‌ನಿಂದ ಹುದುಗಿಸಿದ ಇದನ್ನು ಲಾಗರ್‌ನಂತೆ ವಾರಗಟ್ಟಲೆ ಶೀತದಲ್ಲಿ ಮಾಗಿಸುತ್ತಾರೆ. ಬೆಂಗಳೂರಿನ ಮೈಕ್ರೋಬ್ರೂವರಿಯೊಂದರಲ್ಲಿ ಈ ಬಗೆಯ ಬಿಯರನ್ನು ಸವಿದಾಗ ಹಣ್ಣಿನ ನವಿರು ಪರಿಮಳವೂ ಲಾಗರ್‌ನ ತಿಳಿರುಚಿಯೂ ಜೊತೆಗೂಡಿದ್ದವು.

ಆದರೆ ಈ ರುಚಿಗೆ ತೆರುವ ಬೆಲೆ ಮಾಲ್ಟಿನದು ಮಾತ್ರವಲ್ಲ. ಮಾಗುವಷ್ಟು ದಿನವೂ ಟ್ಯಾಂಕು ತೆರವಾಗದು, ಬಂಡವಾಳ ತಿರುಗದು. ಶೀತಲೀಕರಣದ ವಿದ್ಯುತ್ ವೆಚ್ಚ ಬೇರೆ. 2017ರ ಜುಲೈ 1ರಂದು ಜಾರಿಗೆ ಬಂದ ಜಿ.ಎಸ್.ಟಿ.ಯಿಂದ ಮದ್ಯವು ಹೊರಗಿರುವುದರಿಂದ, ಮಾಲ್ಟ್ ಹಾಗೂ ಯಂತ್ರಗಳ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ಅದೂ ವೆಚ್ಚಕ್ಕೇ ಸೇರುತ್ತದೆ.

ಗೇರುಬೀಜವನ್ನು ತಿಂಗಳುಗಟ್ಟಲೆ ದಾಸ್ತಾನಿಡುವ ಕೋಟ, ಕುಂದಾಪುರ ಪರಿಸರದ ಉದ್ಯಮಿಗಳಿಗೂ ಇದೇ ಮಾತು ಸಲ್ಲುತ್ತದೆ. ಸರಕು ಕಾಯುವ ದಿನಗಳ ಬಡ್ಡಿಯನ್ನು ಬೆಲೆಯಲ್ಲಿ ಸೇರಿಸದೆ ಹೊಸ ಉತ್ಪನ್ನಕ್ಕೆ ಕೈಹಾಕುವುದು ಉಚಿತವಲ್ಲ.