‘ಕಂಪ್ಯೂಟರ್ ಹೇಳಿತು’ ಅಂದರೆ ಸಾಲದು, ಸಹಿ ಹಾಕಿದವರು ಉತ್ತರಿಸಬೇಕು

ನಮ್ಮ ಮನೆಯ ಕಪಾಟಿನಲ್ಲಿರುವ ಕಾಗದಪತ್ರಗಳ ಚೀಲವನ್ನು ಒಮ್ಮೆ ಬಿಚ್ಚಿ ನೋಡೋಣ. ಆಧಾರ್‌ನಲ್ಲಿ ‘ಮುಹಮ್ಮದ್’, ರೇಷನ್ ಕಾರ್ಡಿನಲ್ಲಿ ‘ಮಹಮ್ಮದ್’, ಶಾಲೆಯ ಸರ್ಟಿಫಿಕೇಟಿನಲ್ಲಿ ‘ಮೊಹಮ್ಮದ್’, ಜಾಗದ ಆರ್‌ಟಿಸಿಯಲ್ಲಿ ಊರೆಲ್ಲ ಕರೆಯುವ ಹೆಸರು ‘ಮೋನು ಬ್ಯಾರಿ’. ಗಲ್ಫಿಗೆ ಹೋಗುವಾಗ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ತಂದೆಯ ಹೆಸರು, ಊರಿನ ಹೆಸರು ಎರಡೂ ಸೇರಿಕೊಂಡಿರುತ್ತದೆ. ಉಮ್ಮನ ಕಾಗದಗಳದ್ದು ಇನ್ನೂ ಕಷ್ಟ. ಒಂದರಲ್ಲಿ ‘ಆಯಿಶಾ’, ಇನ್ನೊಂದರಲ್ಲಿ ‘ಐಸಮ್ಮ’. ಮನುಷ್ಯ ಒಬ್ಬರೇ, ಕಾಗದದಲ್ಲಿ ಮೂರು ನಾಲ್ಕು ಜನ.

ಇಷ್ಟು ವರ್ಷ ಹೇಗೋ ನಡೆದುಕೊಂಡು ಬಂತು. ಅದಕ್ಕೆ ಒಂದು ಕಾರಣ ಪಂಚಾಯತ್ ಕಚೇರಿಯಲ್ಲಿ ಕುಳಿತಿರುವ ಮನುಷ್ಯರು. ತೆರಿಗೆಗೆಂದು ಮನೆ ಮನೆ ತಿರುಗಿದ ಬಿಲ್ ಕಲೆಕ್ಟರಿಗೆ ನಮ್ಮ ಅಂಗಳ ಗೊತ್ತುಂಟು. “ಇದು ನಮ್ಮ ಮೋನು ಬ್ಯಾರಿಗಳದ್ದೇ ಅಲ್ವಾ, ಎರಡೂ ಒಂದೇ” ಎಂದು ಅವರು ಹೇಳಿದರೆ ಕೆಲಸ ಮುಂದೆ ಹೋಗುತ್ತದೆ. ಈ ತಿಳಿವಳಿಕೆ ಯಾವ ಫೈಲಿನಲ್ಲೂ ಇಲ್ಲ, ಆ ನೌಕರರ ತಲೆಯಲ್ಲಿ ಉಂಟು. ನಾಳೆ ಆ ಜಾಗದಲ್ಲಿ ಯಂತ್ರ ಬಂದು ಕುಳಿತರೆ ಏನಾದೀತು ಎಂಬುದು ನಮ್ಮ ಪ್ರಶ್ನೆ.

ಕೃತಕ ಬುದ್ಧಿಮತ್ತೆ, ಅಂದರೆ ಎಐ, ಸರಕಾರಿ ಕಚೇರಿಯ ಬಾಗಿಲಿಗೆ ಆದೇಶದ ಮೂಲಕವೇ ಬರಬೇಕೆಂದಿಲ್ಲ. ನೌಕರರ ಕಿಸೆಯಲ್ಲಿರುವ ಮೊಬೈಲಿನ ಮೂಲಕವೂ ಬರುತ್ತದೆ. ಪತ್ರದ ಕರಡು ಬರೆಯಲು, ಇಂಗ್ಲಿಷ್ ಸುತ್ತೋಲೆಯನ್ನು ಕನ್ನಡಕ್ಕೆ ತರಲು, ಉದ್ದದ ವರದಿಯನ್ನು ಚಿಕ್ಕದು ಮಾಡಲು ಇದು ಕೈಗೆಟಕುವ ಸಾಧನ. ಇದನ್ನು ನಾವು ವಿರೋಧಿಸುವುದಿಲ್ಲ. ಒಬ್ಬ ಪಿಡಿಒ, ಒಬ್ಬ ಕಾರ್ಯದರ್ಶಿ, ಒಬ್ಬ ಡಾಟಾ ಎಂಟ್ರಿ ಆಪರೇಟರ್ ಇಡೀ ಗ್ರಾಮದ ಕೆಲಸ ನೋಡಬೇಕಾದ ಕಡೆ ಒಂದು ಗಂಟೆಯ ಟೈಪಿಂಗ್ ಹತ್ತು ನಿಮಿಷದಲ್ಲಿ ಮುಗಿದರೆ ಒಳ್ಳೆಯದೇ. ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ಎಲ್ಲೂ ಅರ್ಥವಾಗದೆ ಮುಗಿಯುವ ನೋಟಿಸನ್ನು ಸರಳ ಕನ್ನಡಕ್ಕೆ ಇಳಿಸಿಕೊಟ್ಟರೆ ನಮ್ಮ ಮನೆಯ ಹಿರಿಯರಿಗೂ ಉಪಕಾರವೇ.

ಆದರೆ ಬರೆಯಲು ಸಹಾಯ ಮಾಡುವುದು ಬೇರೆ, ತೀರ್ಮಾನ ಮಾಡುವುದು ಬೇರೆ. ಎಐ ಅಂದರೆ ಚಾಟ್‌ಜಿಪಿಟಿ ಮಾತ್ರ ಅಲ್ಲ. ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ಒಟ್ಟು ಹಾಕಿ, ಹೆಸರು ವಿಳಾಸ ತಾಳೆ ನೋಡಿ, ಇವರು ಅರ್ಹರು, ಇವರು ಅನರ್ಹರು ಎಂದು ವಿಂಗಡಿಸುವ ತಂತ್ರಾಂಶಗಳೂ ಈ ಸಾಲಿಗೇ ಸೇರುತ್ತವೆ. ಅಪಾಯ ಹೆಚ್ಚು ಇರುವುದು ಅಲ್ಲಿ.

ಪಕ್ಕದ ತೆಲಂಗಾಣವನ್ನು ನೋಡಿ. ಅಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಉಂಟು. ವಾಹನ, ಜಮೀನು, ವಿದ್ಯುತ್ ಹೀಗೆ ಹಲವು ದಾಖಲೆಗಳನ್ನು ಜೋಡಿಸಿ ಒಂದು ಕುಟುಂಬದ ಸ್ಥಿತಿಗತಿಯನ್ನು ಅದು ಅಂದಾಜು ಮಾಡುತ್ತದೆ. ಹೈದರಾಬಾದಿನಲ್ಲಿ ರಿಕ್ಷಾ ತುಳಿದು ಬದುಕುತ್ತಿದ್ದ ಒಬ್ಬರ ಕುಟುಂಬಕ್ಕೆ ರೇಷನ್ ಕಾರ್ಡ್ ಸಿಗಲಿಲ್ಲ. ಕಾರಣ, ಅವರ ಬಳಿ ಕಾರು ಉಂಟು ಎಂದು ವ್ಯವಸ್ಥೆ ಹೇಳಿತ್ತು. ಕಾರು ಇದ್ದದ್ದು ಹೆಸರಿನಲ್ಲಿ ಸ್ವಲ್ಪ ಹೋಲಿಕೆ ಇರುವ ಬೇರೊಬ್ಬರದ್ದು. ಎರಡೂ ಮುಸ್ಲಿಂ ಹೆಸರು. ಆ ಮನೆಯ ಹೆಂಗಸು ವರ್ಷಗಟ್ಟಲೆ ಕಚೇರಿ, ಕೋರ್ಟು ಎಂದು ಅಲೆದದ್ದು 2024ರಲ್ಲಿ ಪತ್ರಕರ್ತರ ತನಿಖೆಯಿಂದ ದೇಶಕ್ಕೆ ಗೊತ್ತಾಯಿತು. ಅದಕ್ಕೂ ಮೊದಲು, 2022ರ ಏಪ್ರಿಲ್‌ನಲ್ಲಿ, ಆ ರಾಜ್ಯದಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ರೇಷನ್ ಕಾರ್ಡುಗಳನ್ನು ಮನೆ ಮನೆಗೆ ಹೋಗಿ ಮರುಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದಿತ್ತು. ನಮ್ಮ ಕಪಾಟಿನ ಚೀಲವನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಹರಿಯಾಣದ ರೋಹ್ಟಕ್ ಜಿಲ್ಲೆಯ ಕತೆ ಕೇಳಿದರೆ ನಗು ಬರುತ್ತದೆ, ಬಳಿಕ ಬೇಸರ ಆಗುತ್ತದೆ. ಅಲ್ಲಿ 102 ವರ್ಷದ ಅಜ್ಜನೊಬ್ಬನನ್ನು ಕುಟುಂಬ ಗುರುತಿನ ದಾಖಲೆಯಲ್ಲಿ ‘ಮೃತ’ ಎಂದು ತೋರಿಸಿ ವೃದ್ಧಾಪ್ಯ ಪಿಂಚಣಿ ನಿಲ್ಲಿಸಲಾಗಿತ್ತು. 2022ರ ಸೆಪ್ಟಂಬರ್‌ನಲ್ಲಿ ಆತ ಮದುಮಗನಂತೆ ಸಿಂಗರಿಸಿಕೊಂಡು, ರಥ ಹತ್ತಿ, ಮೆರವಣಿಗೆಯಲ್ಲಿ ಬಂದು ತಾನು ಬದುಕಿದ್ದೇನೆ ಎಂದು ಸಾರಿದ. ಟಿವಿಯಲ್ಲಿ ಬಂದ ಮೇಲೆ ಪಿಂಚಣಿ ಮರಳಿ ಸಿಕ್ಕಿತು. ಮೆರವಣಿಗೆ ಹೊರಡಿಸಲು ಶಕ್ತಿ ಇಲ್ಲದ ವಿಧವೆ ತಾಯಂದಿರ ಗತಿ ಏನು?

ನಮ್ಮ ರಾಜ್ಯವೂ ಇದರಿಂದ ದೂರ ಇಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದಾಗ ಎಷ್ಟು ಗಲಾಟೆ ಆಯಿತೆಂದು ಎಲ್ಲರಿಗೂ ನೆನಪಿದೆ. ಕೊನೆಗೆ ಸರಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಿ ಎಂದು ಸರಕಾರವೇ ಹೇಳಬೇಕಾಯಿತು. ಅದನ್ನು ಎಐ ಮಾಡಿತು ಎಂದು ನಾವು ಹೇಳುತ್ತಿಲ್ಲ. ಆದರೆ ಪಟ್ಟಿಯಲ್ಲಿ ಹೀಗುಂಟು ಎಂಬ ಒಂದೇ ಕಾರಣಕ್ಕೆ ಮನೆಯ ಅಕ್ಕಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅದು ನಮ್ಮ ಕಣ್ಣೆದುರಿನ ಪಾಠ.

ಇದಕ್ಕೆ ಒಂದು ಎದುರು ಮಾತು ಉಂಟು, ಅದನ್ನೂ ಕೇಳೋಣ. “ಮನುಷ್ಯರೇನು ಸಾಚಾವಾ? ಯಂತ್ರ ಲಂಚ ಕೇಳುವುದಿಲ್ಲ, ಗಡ್ಡ ಟೋಪಿ ನೋಡಿ ಮುಖ ತಿರುಗಿಸುವುದಿಲ್ಲ, ನಾಳೆ ಬನ್ನಿ ಎನ್ನುವುದಿಲ್ಲ” ಎಂದು ನಮ್ಮ ಯುವಕರೇ ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಕಚೇರಿಗಳಲ್ಲಿ ಅಲೆದು ಚಪ್ಪಲಿ ಸವೆಸಿದವರಿಗೆ ಅದು ಗೊತ್ತು. ಆದರೆ ಯಂತ್ರಕ್ಕೆ ಪಕ್ಷಪಾತ ಇಲ್ಲ ಎಂಬ ನಂಬಿಕೆಯನ್ನು ನೆದರ್‌ಲ್ಯಾಂಡ್ಸ್ ದೇಶ ಸುಳ್ಳು ಮಾಡಿ ತೋರಿಸಿದೆ. ಅಲ್ಲಿನ ತೆರಿಗೆ ಇಲಾಖೆ, ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಯಾರು ಮೋಸ ಮಾಡಿರಬಹುದು ಎಂದು ಅಂದಾಜಿಸಲು ತಂತ್ರಾಂಶ ಬಳಸಿತ್ತು. ಡಚ್ ಪೌರತ್ವ ಇಲ್ಲದಿರುವುದನ್ನೇ ಅದು ಅಪಾಯದ ಲಕ್ಷಣ ಎಂದು ಎಣಿಸಿತು. ಸಾವಿರಾರು ಕುಟುಂಬಗಳ ಮೇಲೆ ಸುಳ್ಳು ಆರೋಪ ಬಂತು, ದೊಡ್ಡ ಮೊತ್ತ ವಾಪಸ್ ಕಟ್ಟಿ ಎಂಬ ನೋಟಿಸ್ ಹೋಯಿತು. ಅವರಲ್ಲಿ ಬಹಳ ಮಂದಿ ವಲಸೆ ಹಿನ್ನೆಲೆಯವರು. 2021ರ ಜನವರಿಯಲ್ಲಿ ಅಲ್ಲಿನ ಇಡೀ ಸರಕಾರವೇ ಇದರ ಹೊಣೆ ಹೊತ್ತು ರಾಜೀನಾಮೆ ಕೊಟ್ಟಿತು. ಮನುಷ್ಯರ ಮನಸ್ಸಿನಲ್ಲಿದ್ದ ಸಂಶಯ ಯಂತ್ರದ ಒಳಗೆ ಹೋಗಿ ಕುಳಿತಿತ್ತು, ಅಷ್ಟೇ. ಒಬ್ಬ ಗುಮಾಸ್ತ ತಪ್ಪು ಮಾಡಿದರೆ ಹತ್ತು ಮನೆಗೆ ತೊಂದರೆ, ಎದುರು ನಿಂತು ಜಗಳ ಮಾಡಲಿಕ್ಕಾದರೂ ಆಗುತ್ತದೆ. ತಂತ್ರಾಂಶ ತಪ್ಪು ಮಾಡಿದರೆ ಒಂದೇ ರಾತ್ರಿಯಲ್ಲಿ ಸಾವಿರ ಮನೆ. ಹೋಗಿ ಕೇಳಿದರೆ “ನಮ್ಮ ಕೈಯಲ್ಲಿ ಇಲ್ಲ, ಸಿಸ್ಟಮ್ ತೋರಿಸ್ತಾ ಇಲ್ಲ” ಎಂಬ ಉತ್ತರ.

ಎರಡನೇ ಆತಂಕ, ಎಐ ಇಲ್ಲದ್ದನ್ನು ಇದೆ ಎಂದು ಬಹಳ ಧೈರ್ಯದಿಂದ ಬರೆಯುತ್ತದೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ 2024ರ ಡಿಸೆಂಬರ್‌ನ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ಕೋರ್ಟ್ ತೀರ್ಪುಗಳ ಉಲ್ಲೇಖ ಸೇರಿಕೊಂಡಿತ್ತು. ಎಐ ಬಳಕೆಯೇ ಇದಕ್ಕೆ ಕಾರಣ ಎಂದು ವ್ಯಾಪಕವಾಗಿ ಚರ್ಚೆಯಾಯಿತು, ಆದೇಶವನ್ನು ಹಿಂಪಡೆಯಬೇಕಾಯಿತು. ಕಾನೂನು ಓದಿದವರು, ವಕೀಲರು ಎದುರಿಗೆ ಇದ್ದ ಕಡೆಯೇ ಹೀಗಾದರೆ, ಒಂದು ಗ್ರಾಮ ಪಂಚಾಯತಿನ ನೋಟಿಸಿನಲ್ಲಿ ಇಲ್ಲದ ನಿಯಮದ ಹೆಸರು ಬಂದರೆ ಹಿಡಿಯುವವರು ಯಾರು? ಮನೆ ಕಟ್ಟಲು ಲೈಸನ್ಸ್ ಕೇಳಿದವರಿಗೆ ‘ಇಂತಿಂಥ ನಿಯಮದಂತೆ ತಿರಸ್ಕರಿಸಲಾಗಿದೆ’ ಎಂದು ಬಂದರೆ ನಾವು ಹೆದರಿ ಸುಮ್ಮನಾಗುವುದೇ ಹೆಚ್ಚು.

ಮೂರನೆಯದು ನಮ್ಮ ಗುಟ್ಟು. ಪಂಚಾಯತಿಗೆ, ಪುರಸಭೆಗೆ ನಾವು ಕೊಡುವ ಅರ್ಜಿಯಲ್ಲಿ ಆಧಾರ್ ನಂಬ್ರ, ಫೋನ್ ನಂಬ್ರ, ಬ್ಯಾಂಕ್ ಖಾತೆ, ಕಾಯಿಲೆಯ ವಿವರ, ತಲಾಖ್ ಆದ ಮಗಳ ಸಂಗತಿ ಎಲ್ಲವೂ ಇರುತ್ತದೆ. ಅದರ ಫೋಟೊ ತೆಗೆದು ‘ಇದನ್ನು ಚಿಕ್ಕದು ಮಾಡಿಕೊಡು’ ಎಂದು ಯಾವುದೋ ಉಚಿತ ಆ್ಯಪಿಗೆ ಹಾಕಿದರೆ ಅದು ಯಾವ ದೇಶದ ಯಾವ ಕಂಪ್ಯೂಟರಿಗೆ ಹೋಗಿ ಕೂರುತ್ತದೆಂದು ಹಾಕಿದವರಿಗೂ ತಿಳಿಯದು. ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಕಚೇರಿಯ ಕಂಪ್ಯೂಟರ್ ಮತ್ತು ಸಾಧನಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬಾರದು ಎಂದು ತನ್ನ ನೌಕರರಿಗೆ ಸೂಚಿಸಿದ್ದು ಇದೇ ಭಯಕ್ಕೆ. ಸರಕಾರಿ ಕನ್ನಡದಲ್ಲಿ ‘ಅಮಾನತು’ ಅಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. ನಮ್ಮ ಮನೆಗಳಲ್ಲಿ ‘ಅಮಾನತ್’ ಅಂದರೆ ನಂಬಿ ಕೊಟ್ಟ ವಸ್ತು, ಕೊಟ್ಟ ಹಾಗೆಯೇ ಕಾಪಾಡಬೇಕಾದದ್ದು. ಜನ ಕೊಟ್ಟ ಅರ್ಜಿ ಈ ಎರಡನೇ ಅರ್ಥದ ಅಮಾನತ್ ಎಂದು ಪ್ರತಿ ನೌಕರನಿಗೂ ಅನಿಸಬೇಕು. ಗ್ರಾಮ ಒನ್, ಸೇವಾ ಕೇಂದ್ರ, ಜೆರಾಕ್ಸ್ ಅಂಗಡಿಗಳಲ್ಲಿ ಕುಳಿತಿರುವ ನಮ್ಮ ಹುಡುಗ ಹುಡುಗಿಯರಿಗೂ ಈ ಮಾತು ಅನ್ವಯ.

ಹಾಗಾದರೆ ಏನು ಬೇಕು? ದೂರ ಹೋಗಬೇಕಾಗಿಲ್ಲ, ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ ಒಂದು ಮಾದರಿ ಉಂಟು. ಕೇರಳ ಹೈಕೋರ್ಟ್ 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಎಐ ಬಳಕೆಯ ನೀತಿ ಹೊರಡಿಸಿತು. ತೀರ್ಪು, ಆದೇಶ, ಪರಿಹಾರ ಯಾವುದನ್ನೂ ಎಐ ಮೂಲಕ ನಿರ್ಧರಿಸುವಂತಿಲ್ಲ. ಅನುಮತಿ ಇರುವ ಸಾಧನ ಮಾತ್ರ ಬಳಸಬೇಕು. ಅನುವಾದವನ್ನು ತಿಳಿದವರು ಪರಿಶೀಲಿಸಲೇಬೇಕು. ಎಲ್ಲೆಲ್ಲಿ ಬಳಸಿದರೋ ಅದರ ದಾಖಲೆ ಇಡಬೇಕು. ಇದೇ ನಾಲ್ಕು ಮಾತನ್ನು ನಮ್ಮ ಗ್ರಾಮ ಪಂಚಾಯತ್, ಪುರಸಭೆ, ಮಹಾನಗರ ಪಾಲಿಕೆಗಳಿಗೂ ಹೊಂದಿಸಬಹುದು. ನಾವು ಇನ್ನೊಂದನ್ನು ಸೇರಿಸುತ್ತೇವೆ. ಯಾರದ್ದಾದರೂ ಪಿಂಚಣಿ, ಮನೆ, ಖಾತೆ, ಲೈಸನ್ಸ್ ನಿರಾಕರಿಸುವ ಮೊದಲು ಒಬ್ಬ ಮನುಷ್ಯ ಆ ಮನೆಯವರ ಮಾತು ಕೇಳಬೇಕು. ನಿರಾಕರಣೆಯ ಕೆಳಗೆ ಹೆಸರು, ಹುದ್ದೆ, ಸಹಿ, ಕಾರಣ ನಾಲ್ಕೂ ಇರಬೇಕು. ಇದು ನೌಕರರ ಮೇಲಿನ ಅವಿಶ್ವಾಸ ಅಲ್ಲ. ತರಬೇತಿ ಕೊಡದೆ, ನಿಯಮ ಬರೆಯದೆ ಬಿಟ್ಟರೆ ನಾಳೆ ಎಡವಟ್ಟಾದಾಗ ಕೆಲಸ ಕಳೆದುಕೊಳ್ಳುವುದು ಕೆಳಗಿನ ಆಪರೇಟರ್, ತಂತ್ರಾಂಶ ತಂದವರಲ್ಲ. ನಿಯಮ ಅವರಿಗೂ ರಕ್ಷಣೆ.

ನಾವು ಮಾಡಬೇಕಾದದ್ದೂ ಉಂಟು ಮಾರಾಯ್ರೇ, ಬರೀ ಸರಕಾರಕ್ಕೆ ಬೆರಳು ತೋರಿಸಿ ಪ್ರಯೋಜನ ಇಲ್ಲ. ಮನೆಯ ಎಲ್ಲರ ಹೆಸರಿನ ಕಾಗುಣಿತ ಎಲ್ಲ ದಾಖಲೆಯಲ್ಲೂ ಒಂದೇ ಉಂಟಾ ಎಂದು ನೋಡಿ, ಇಲ್ಲದಿದ್ದರೆ ಈಗಲೇ ತಿದ್ದುಪಡಿಗೆ ಹಾಕಿ. ಮಗು ಹುಟ್ಟಿದ ದಿನವೇ ಹೆಸರು ಹೇಗೆ ಬರೆಯಬೇಕೆಂದು ತೀರ್ಮಾನಿಸಿ, ಜನನ ಪತ್ರದಲ್ಲಿ ಬಂದದ್ದನ್ನೇ ಮದ್ರಸದಲ್ಲೂ ಶಾಲೆಯಲ್ಲೂ ಬರೆಸಿ. ಸಕಾಲ ಸೇವೆಗೆ ಅರ್ಜಿ ಕೊಟ್ಟರೆ ಜಿಎಸ್‌ಸಿ ನಂಬ್ರದ ರಶೀದಿ ಕೇಳಿ ಪಡೆಯಿರಿ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ ಅವಕಾಶ ಉಂಟು. ‘ಸಿಸ್ಟಮ್ ತೋರಿಸ್ತಾ ಇಲ್ಲ’ ಎಂದರೆ ವಾಪಸ್ ಬರಬೇಡಿ, ಕಾರಣ ಬರೆದು ಕೊಡಿ ಎನ್ನಿ. ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣವನ್ನು ಅದರಿಂದ ಬಾಧಿತರಾದವರಿಗೆ ಕೊಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ. ಇಷ್ಟನ್ನು ಬರೆದುಕೊಡಲು ಪ್ರತಿ ಜಮಾಅತಿನಲ್ಲಿ ಕಲಿತ ಇಬ್ಬರು ಮಕ್ಕಳು ವಾರಕ್ಕೆ ಒಂದು ಸಂಜೆ ಕುಳಿತರೆ ಸಾಕು. ಬೇಕಾದರೆ ಅವರೂ ಎಐ ಸಹಾಯ ಪಡೆಯಲಿ, ಆದರೆ ಬರೆದದ್ದನ್ನು ಓದಿ ನೋಡಿ, ಆಧಾರ್ ನಂಬ್ರ ಅದಕ್ಕೆ ಹಾಕದೆ.

ಮುಂದಿನ ಗ್ರಾಮ ಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತೇವೆ? ಹೆಂಗಸರು ಎಷ್ಟು ಮಂದಿ? ರಸ್ತೆ, ನೀರು, ಬೀದಿ ದೀಪದ ಜೊತೆಗೆ ಈ ಸಲ ಒಂದು ಪ್ರಶ್ನೆ ಹೆಚ್ಚು ಕೇಳೋಣ. “ನಮ್ಮ ಪಂಚಾಯತಿನಲ್ಲಿ ಎಐ ಬಳಸ್ತೀರಾ? ಯಾವುದಕ್ಕೆ? ತಪ್ಪಾದರೆ ಯಾರ ಹತ್ತಿರ ಬರಬೇಕು?” ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸೋಣ. ಅಲ್ಲಿಯವರೆಗೆ ಆ ಕಾಗದದ ಚೀಲವನ್ನು ಸರಿಮಾಡಿ ಇಟ್ಟುಕೊಳ್ಳೋಣ.